ಟ್ರಿಪ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ: ಡೀಸೆಲ್, ಕಸ, ನೀರು ಕಡಿಮೆ ಮಾಡುವುದು ಹೇಗೆ?

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಎರಡು ದಿನದ ಟ್ರಿಪ್ ಅಂದುಕೊಳ್ಳಿ. ಒಂದು ಟೆಂಪೊ ಟ್ರಾವೆಲರ್ (ಟಿಟಿ) ಹೋಗಿ, ಅಲ್ಲಿ ಸುತ್ತಾಡಿ, ವಾಪಸ್ ಬರುವಷ್ಟರಲ್ಲಿ ಹೆಚ್ಚುಕಡಿಮೆ 600 ಕಿಲೋಮೀಟರ್ ಓಡಿರುತ್ತದೆ. ಲೀಟರಿಗೆ 10 ಕಿಲೋಮೀಟರ್ ಹಿಡಿದರೂ 60 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ ಒಂದು ಗಾಡಿಗೆ, ಒಂದು ವೀಕೆಂಡಿಗೆ, 160 ಕಿಲೋ. ಅದೇ ಟ್ರಿಪ್‌ನಲ್ಲಿ ಬಿದಿರಿನ ಟೂತ್‌ಬ್ರಷ್ ಹಂಚಿ, ಪೋಸ್ಟರ್ ಮೇಲೆ ಹಸಿರು ಎಲೆ ಬಿಡಿಸಿ ‘ಇಕೋ ಫ್ರೆಂಡ್ಲಿ’ ಅಂತ ಬರೆದರೆ ಆ 160ರಲ್ಲಿ ಒಂದು ಕಿಲೋನೂ ಕಡಿಮೆ ಆಗುವುದಿಲ್ಲ.

ಜಗತ್ತಿನ ಒಟ್ಟು ಹಸಿರುಮನೆ ಅನಿಲಗಳಲ್ಲಿ ಪ್ರವಾಸೋದ್ಯಮದ ಪಾಲು ಸುಮಾರು ಶೇ 8 ಎಂದು 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತ್ತು. ದೊಡ್ಡ ಕಂಪನಿಗಳಿಗೆ ಇದನ್ನು ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ. ನಾನು ಬರೆಯುತ್ತಿರುವುದು ನಾಲ್ಕು ಜನ ಆಫೀಸಿನಲ್ಲಿ, ಚಾರಣ ಮುನ್ನಡೆಸುವ ಆರು ಜನ ಟ್ರೆಕ್ ಲೀಡ್‌ಗಳು, ಬಾಡಿಗೆ ಗಾಡಿಗಳು ಅಂತ ನಡೆಯುವ ನಮ್ಮ ಊರಿನ ಕಂಪನಿಗಳಿಗೆ. ನನ್ನ ವಾದ ಇಷ್ಟೇ: ಒಂದು ಟ್ರಿಪ್ ಎಷ್ಟು ಹೊಗೆ (ಅಂದರೆ ಕಾರ್ಬನ್ ಡೈಆಕ್ಸೈಡ್) ಬಿಡುತ್ತದೆ ಅನ್ನುವುದು ಗಾಡಿ ಹೊರಡುವ ಮೊದಲೇ ತೀರ್ಮಾನ ಆಗಿರುತ್ತದೆ. ಐಟಿನರರಿ, ಅಂದರೆ ಯಾವಾಗ ಎಲ್ಲಿಗೆ ಹೋಗುವುದು ಅನ್ನುವ ಪಟ್ಟಿ, ಬರೆಯುವವರ ಕೈಯಲ್ಲಿ ಅದು ಇದೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ಮೊದಲು: ಎರಡು ಲೆಕ್ಕ ಬೇರೆ ಬೇರೆ ಇಡಿ

‘ಪರಿಸರ ಹಾನಿ’ ಅಂತ ಒಂದೇ ಮೂಟೆ ಕಟ್ಟಿದರೆ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುವುದಿಲ್ಲ. ಎರಡು ಪಟ್ಟಿ ಮಾಡಿಕೊಳ್ಳಿ.

ಒಂದು, ಹೊಗೆಯ ಲೆಕ್ಕ. ಡೀಸೆಲ್, ವಿಮಾನ, ಗ್ಯಾಸ್, ಕರೆಂಟ್ ಇದರಲ್ಲಿ ಬರುತ್ತವೆ. ಇದು ಎಲ್ಲಿ ಉರಿದರೂ ಒಂದೇ.

ಇನ್ನೊಂದು, ಜಾಗದ ಲೆಕ್ಕ. ಬೆಟ್ಟದ ಮೇಲೆ ಬಿದ್ದ ಬಾಟಲಿ, ಹಳ್ಳಕ್ಕೆ ಹೋದ ಸೋಪಿನ ನೀರು, ರಾತ್ರಿ ಹಾಕಿದ ಸ್ಪೀಕರ್, ಹುಲ್ಲುಗಾವಲಿನ ಮೇಲೆ ಹತ್ತಿದ ಜೀಪು. ಇದು ಆ ಊರಿನವರಿಗೆ, ಆ ಕಾಡಿಗೆ ನೇರವಾಗಿ ತಟ್ಟುತ್ತದೆ.

ಒಂದರಲ್ಲಿ ಚೆನ್ನಾಗಿ ಮಾಡಿದ್ದೇವೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ. ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿದರೆ ಹೊಗೆಯಲ್ಲಿ ದೊಡ್ಡ ವ್ಯತ್ಯಾಸ ಆಗಲ್ಲ, ಬೆಟ್ಟಕ್ಕೆ ಆಗುತ್ತದೆ. ರೈಲಿನಲ್ಲಿ ಹೋದರೆ ಹೊಗೆ ಕಡಿಮೆ ಆಗುತ್ತದೆ, ಅಲ್ಲಿ ಹೋಗಿ ಡಿಜೆ ಹಾಕಿದರೆ ಜಾಗ ಕೆಡುತ್ತದೆ.

ಹೆಜ್ಜೆ 1: ಟ್ರಿಪ್ ಶೀಟಿಗೆ ನಾಲ್ಕು ಕಾಲಂ ಸೇರಿಸಿ

ಹೊಸ ಸಾಫ್ಟ್‌ವೇರ್ ಏನೂ ಬೇಡ. ಗಾಡಿಗೆ ಟ್ರಿಪ್ ಶೀಟ್ ಹೇಗೂ ಇರುತ್ತದೆ. ಹೊರಡುವಾಗಿನ, ಬಂದಾಗಿನ ಮೀಟರ್ ರೀಡಿಂಗ್ ಅದರಲ್ಲಿ ಬರೆದಿರುತ್ತಾರೆ. ಅದರ ಪಕ್ಕದಲ್ಲಿ ಇವನ್ನು ಸೇರಿಸಿ: ಹಾಕಿಸಿದ ಡೀಸೆಲ್ ಎಷ್ಟು ಲೀಟರ್, ಬಂದ ಅತಿಥಿಗಳು ಎಷ್ಟು, ಉಳಿದ ರಾತ್ರಿಗಳು ಎಷ್ಟು, ವಾಪಸ್ ತಂದ ಒಣ ಕಸ ಎಷ್ಟು ಕಿಲೋ. ಡೀಸೆಲ್ ಅಳೆಯಲು ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಟ್ಯಾಂಕ್ ಫುಲ್ ಮಾಡಿಸುವುದೇ ಸರಳ ದಾರಿ. ಎರಡನೇ ಬಿಲ್ಲಿನಲ್ಲಿ ಎಷ್ಟಿದೆಯೋ ಅಷ್ಟು ಖರ್ಚಾಗಿದೆ, ನಡುದಾರಿಯಲ್ಲಿ ಹಾಕಿಸಿದ್ದರೆ ಅದನ್ನೂ ಕೂಡಿಸಿ. ಕಸ ತೂಗಲು ಬ್ಯಾಗ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಸಾಕು.

ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು ಇವು: ಡೀಸೆಲ್ ಲೀಟರಿಗೆ 2.68 ಕಿಲೋ, ಪೆಟ್ರೋಲ್ ಲೀಟರಿಗೆ ಸುಮಾರು 2.3 ಕಿಲೋ, ಗ್ಯಾಸ್ ಒಂದು ಕಿಲೋಗೆ ಸುಮಾರು 3 ಕಿಲೋ. ಅಂದರೆ ಮನೆ ಬಳಕೆಯ 14.2 ಕಿಲೋ ಸಿಲಿಂಡರ್ ಖಾಲಿಯಾದರೆ 42 ಕಿಲೋ ಆಸುಪಾಸು. ಕರೆಂಟ್ ಒಂದು ಯೂನಿಟ್‌ಗೆ ದೇಶದ ಸರಾಸರಿ ಸುಮಾರು 0.7 ಕಿಲೋ.

ಇವುಗಳಿಂದ ಒಂದೇ ಒಂದು ಅಳತೆ ತೆಗೆಯಿರಿ: ಒಬ್ಬ ಅತಿಥಿಗೆ, ಒಂದು ರಾತ್ರಿಗೆ, ಎಷ್ಟು ಕಿಲೋ. ‘ಒಂದು ಟ್ರಿಪ್‌ಗೆ ಎಷ್ಟು’ ಅಂತ ನೋಡಿದರೆ ದಾರಿ ತಪ್ಪುತ್ತದೆ. ಮೇಲಿನ ಚಿಕ್ಕಮಗಳೂರು ಟ್ರಿಪ್‌ನಲ್ಲಿ 12 ಜನ ಇದ್ದು ಒಂದು ರಾತ್ರಿ ಉಳಿದರೆ ತಲೆಗೆ 13 ಕಿಲೋ ಚಿಲ್ಲರೆ. 7 ಜನ ಬಂದರೆ 23 ಕಿಲೋ. ಅದೇ 12 ಜನ ಇನ್ನೊಂದು ರಾತ್ರಿ ಹೆಚ್ಚಿಗೆ ಉಳಿದು, ಅಲ್ಲೇ 40 ಕಿಲೋಮೀಟರ್ ಜಾಸ್ತಿ ಸುತ್ತಿದರೂ ತಲೆಗೆ, ರಾತ್ರಿಗೆ 7 ಕಿಲೋಗೆ ಇಳಿಯುತ್ತದೆ. ಏನು ಮಾಡಬೇಕು ಅನ್ನುವುದರ ಅರ್ಧ ಉತ್ತರ ಈ ಮೂರು ಸಂಖ್ಯೆಗಳಲ್ಲೇ ಇದೆ: ಗಾಡಿ ತುಂಬಿಸಿ, ರಾತ್ರಿ ಹೆಚ್ಚಿಸಿ.

ಹೆಜ್ಜೆ 2: ಐಟಿನರರಿಗೆ ಕತ್ತರಿ ಹಾಕಿ

ಇದೇ ಮುಖ್ಯವಾದ ಹೆಜ್ಜೆ. ಉಳಿದವನ್ನು ಈ ವರ್ಷ ಮಾಡದೇ ಹೋದರೂ ಪರವಾಗಿಲ್ಲ, ಇದನ್ನು ಮಾಡಿ.

ನಮ್ಮ ಪ್ಯಾಕೇಜುಗಳಿಗೆ ಒಂದು ಚಟ ಇದೆ. ‘ಎರಡು ದಿನ, ಏಳು ಪಾಯಿಂಟ್’. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಝರಿ ಫಾಲ್ಸ್, ಹೆಬ್ಬೆ ಫಾಲ್ಸ್, ಕೆಮ್ಮಣ್ಣುಗುಂಡಿ, ಅದರ ಮೇಲೆ ಬರುವಾಗ ಬೇಲೂರು, ಹಳೇಬೀಡು. ಎಲ್ಲ ಕಡೆ ಇಳಿದು ಫೋಟೊ ತೆಗೆದು ಓಡುವುದೇ ಆಯಿತು. ಅತಿಥಿಗಳು ಅರ್ಧ ಹೊತ್ತು ಗಾಡಿಯಲ್ಲೇ ಇರುತ್ತಾರೆ. ಪೋಸ್ಟರ್‌ನಲ್ಲಿ ಪಟ್ಟಿ ಉದ್ದ ಇದ್ದರೆ ಮಾರಾಟ ಆಗುತ್ತದೆ ಅನ್ನುವ ನಂಬಿಕೆ ಬಿಟ್ಟರೆ ಇದಕ್ಕೆ ಬೇರೆ ಕಾರಣ ಇಲ್ಲ.

ಮಾಡಬೇಕಾದ್ದು ಹೀಗೆ. ಮ್ಯಾಪ್ ತೆಗೆದು ಪ್ರತಿ ಪಾಯಿಂಟ್‌ಗೂ ಎಷ್ಟು ಕಿಲೋಮೀಟರ್ ಹೆಚ್ಚಾಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಅಲ್ಲಿ ಅತಿಥಿಗಳು ಎಷ್ಟು ಹೊತ್ತು ಇರುತ್ತಾರೆ ಅಂತಲೂ ಬರೆಯಿರಿ. 40 ಕಿಲೋಮೀಟರ್ ಸುತ್ತಿ ಇಪ್ಪತ್ತು ನಿಮಿಷ ನಿಲ್ಲುವ ಜಾಗಗಳು ತಾವಾಗಿಯೇ ಎದ್ದು ಕಾಣುತ್ತವೆ. ಅವನ್ನು ತೆಗೆಯಿರಿ. ಅವುಗಳ ಬದಲಿಗೆ ಉಳಿಯುವ ಜಾಗದಿಂದ ನಡೆದೇ ಹೋಗಬಹುದಾದ್ದೇನಾದರೂ ಇಡಿ. ತೋಟದಲ್ಲಿ ಒಂದು ಸುತ್ತು, ಕಾಫಿ ಕಾಯಿ ಹೇಗೆ ಪಲ್ಪ್ ಆಗುತ್ತದೆ ಅಂತ ನೋಡುವುದು, ಹಳ್ಳದ ದಂಡೆಯಲ್ಲಿ ಬೆಳಿಗ್ಗೆ ಹಕ್ಕಿ ನೋಡುವುದು. ತೋಟದ ಮಾಲೀಕರಿಗೋ ಅಲ್ಲಿನ ಗೈಡ್‌ಗೋ ಇದಕ್ಕೆ ದುಡ್ಡು ಕೊಡಿ. ಡೀಸೆಲ್‌ಗೆ ಹೋಗುತ್ತಿದ್ದ ದುಡ್ಡು ಊರಿನವರಿಗೆ ಹೋಗುತ್ತದೆ.

ಬಾಡಿಗೆ ಒಪ್ಪಂದದಲ್ಲೂ ಒಂದು ತೊಡಕಿದೆ. ಔಟ್‌ಸ್ಟೇಷನ್ ಬಾಡಿಗೆಯಲ್ಲಿ ‘ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್’ ಅನ್ನುವ ಲೆಕ್ಕ ಸಾಮಾನ್ಯ. ಓಡಿಸಿದರೂ ಅಷ್ಟೇ, ನಿಲ್ಲಿಸಿದರೂ ಅಷ್ಟೇ. ಹೀಗಾದಾಗ ‘ದುಡ್ಡು ಕೊಟ್ಟಾಗಿದೆ, ಸುತ್ತೋಣ ಬಿಡಿ’ ಅನ್ನುವ ಮನಸ್ಸು ಬರುತ್ತದೆ. ತಪ್ಪು ಹಾಗೆ ಅನ್ನುವವರದ್ದಲ್ಲ, ದರದ್ದು. ಗಾಡಿ ಮಾಲೀಕರ ಜೊತೆ ಕೂತು ದಿನದ ಬಾಡಿಗೆ ಬೇರೆ, ಡೀಸೆಲ್ ಬಿಲ್ ಬೇರೆ ಅಂತ ಮಾತಾಡಿ. ಮಾಲೀಕರಿಗೆ ಗಾಡಿ ಸವೆತ ಕಮ್ಮಿ, ನಿಮಗೆ ಡೀಸೆಲ್ ಕಮ್ಮಿ. ವರ್ಷವಿಡೀ ಟ್ರಿಪ್ ಕೊಡುತ್ತೇನೆ ಅಂದರೆ ಒಪ್ಪುವವರು ಸಿಗುತ್ತಾರೆ.

ಪಿಕಪ್ ಪಾಯಿಂಟ್‌ಗಳನ್ನೂ ನೋಡಿ. ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್, ಮಾರತ್‌ಹಳ್ಳಿ, ಹೆಬ್ಬಾಳ, ಯಶವಂತಪುರ ಅಂತ ಊರೆಲ್ಲ ಸುತ್ತಿ ಜನ ತುಂಬಿಕೊಂಡು ನೆಲಮಂಗಲ ದಾಟುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ಟ್ರಾಫಿಕ್‌ನಲ್ಲಿ ಮೈಲೇಜ್ ಬೇರೆ ಬಿದ್ದುಹೋಗುತ್ತದೆ. ತುಮಕೂರು ರಸ್ತೆ ಕಡೆಯ ಟ್ರಿಪ್‌ಗೆ ನಾಗಸಂದ್ರ ಅಥವಾ ಮಾದಾವರ ಮೆಟ್ರೊ, ಮೈಸೂರು ರಸ್ತೆ ಕಡೆಗೆ ಕೆಂಗೇರಿ ಅಥವಾ ಚಲ್ಲಘಟ್ಟ ಮೆಟ್ರೊ ಅಂತ ಒಂದೇ ಜಾಗ ಇಡಿ. ಭಾನುವಾರ ಮಧ್ಯಾಹ್ನ ಊಟ ಆದ ತಕ್ಷಣ ಹೊರಟರೆ ಕೊನೆ ಮೆಟ್ರೊಗೆ ಮೊದಲೇ ಬಿಡಬಹುದು. ನಡುರಾತ್ರಿ ಬಂದಿಳಿಸಿದರೆ ಹನ್ನೆರಡು ಜನ ಹನ್ನೆರಡು ಕ್ಯಾಬ್ ಹಿಡಿಯುತ್ತಾರೆ, ಅಲ್ವಾ?

ಕಾಡಿನ ರಸ್ತೆಗಳ ಸಮಯವನ್ನು ಐಟಿನರರಿಯಲ್ಲೇ ಬರೆದಿಡಿ. ಬಂಡೀಪುರದ ಮೂಲಕ ಕೇರಳ, ಊಟಿ ಕಡೆ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇದೆ. ಲೆಕ್ಕ ತಪ್ಪಿದರೆ ಗೇಟಿನ ಮುಂದೆ ಎಂಜಿನ್ ಆನ್ ಮಾಡಿಕೊಂಡು ಕಾಯಬೇಕು, ಇಲ್ಲವೇ ಸುತ್ತು ಹಾಕಬೇಕು.

ಹೆಜ್ಜೆ 3: ಉದ್ದದ ದಾರಿಗೆ ರೈಲು

ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಬಹುಪಾಲು ಈಗ ವಿದ್ಯುದೀಕರಣ ಆಗಿವೆ. ತುಂಬಿದ ರೈಲಿನಲ್ಲಿ ಒಬ್ಬರ ಪಾಲಿಗೆ ಬರುವ ಹೊಗೆ ತೀರಾ ಕಡಿಮೆ. ಎಲ್ಲ ಟ್ರಿಪ್‌ಗೂ ರೈಲು ಆಗಿಬರಲ್ಲ. ಆಗುವ ಕಡೆ ಬಿಡಬಾರದು.

ಹಂಪಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ರಸ್ತೆಯಲ್ಲಿ ಹೋದರೆ ಒಂದು ಕಡೆಗೆ 340 ಕಿಲೋಮೀಟರ್ ಆಸುಪಾಸು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ 13 ಕಿಲೋಮೀಟರ್. ಊರೊಳಗೆ ಆಟೊ, ಬಾಡಿಗೆ ಸೈಕಲ್, ವಿಠ್ಠಲ ದೇವಸ್ಥಾನದ ಕಡೆಗೆ ಬ್ಯಾಟರಿ ಗಾಡಿ. ಬೆಂಗಳೂರಿನ ಗಾಡಿ ಎರಡು ದಿನ ಅಲ್ಲಿ ಸುಮ್ನೆ ನಿಂತಿರುವ ಬದಲು ಹಂಪಿಯ ಆಟೊದವರಿಗೆ ಎರಡು ದಿನದ ಕೆಲಸ ಸಿಗುತ್ತದೆ. ಜೋಗಕ್ಕೆ ತಾಳಗುಪ್ಪ, ಕರಾವಳಿಗೆ ಮಂಗಳೂರು, ಉಡುಪಿ, ಕಾರವಾರದ ರೈಲುಗಳಿವೆ. ಗೋವಾಕ್ಕೂ ಅಷ್ಟೇ. ಮೈಸೂರಿಗಂತೂ ಗಾಡಿ ತೆಗೆದುಕೊಂಡು ಹೋಗಲು ಕಾರಣವೇ ಇಲ್ಲ.

ಕೆಲವು ಪ್ರಾಯೋಗಿಕ ವಿಷಯ. 2024ರ ನವೆಂಬರ್‌ನಿಂದ ರೈಲು ಟಿಕೆಟ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಮೊದಲು 120 ದಿನ ಇತ್ತು. ಆದ್ದರಿಂದ ರೈಲು ಟ್ರಿಪ್‌ಗಳ ದಿನಾಂಕ ಅದಕ್ಕೂ ಮೊದಲೇ ಪ್ರಕಟಿಸಿ, ಟಿಕೆಟ್ ತೆರೆಯುವ ದಿನವೇ ಅತಿಥಿಗಳಿಗೆ ನೆನಪಿಸಿ. ಒಂದು ಪಿಎನ್‌ಆರ್‌ನಲ್ಲಿ, ಅಂದರೆ ಒಂದು ಟಿಕೆಟ್‌ನಲ್ಲಿ, ಆರು ಜನರ ಮೇಲೆ ಆಗುವುದಿಲ್ಲ. ನಿಮ್ಮ ಸ್ವಂತ ಐಆರ್‌ಸಿಟಿಸಿ ಐಡಿಯಲ್ಲಿ ಅತಿಥಿಗಳಿಗೆಲ್ಲ ಟಿಕೆಟ್ ತೆಗೆದು ಪ್ಯಾಕೇಜ್‌ನಲ್ಲಿ ಮಾರಲು ಹೋಗಬೇಡಿ. ರೈಲ್ವೆ ಕಾನೂನಿನಲ್ಲಿ ಅದು ಅಪರಾಧ. ಅಧಿಕೃತ ಏಜೆಂಟರ ಮೂಲಕ ತೆಗೆಸಿ, ಇಲ್ಲವೇ ಅವರವರೇ ತೆಗೆದುಕೊಂಡು ಹೊಸಪೇಟೆ ಸ್ಟೇಷನ್ನಿನಲ್ಲಿ ಸೇರುವ ಹಾಗೆ ಪ್ಯಾಕೇಜ್ ಮಾಡಿ. ಹುಬ್ಬಳ್ಳಿಯವರೂ ಬಳ್ಳಾರಿಯವರೂ ಆಗ ಅದೇ ಟ್ರಿಪ್‌ಗೆ ಬರಬಹುದು. ಇದು ಎಷ್ಟೋ ಕಂಪನಿಗಳಿಗೆ ಹೊಳೆಯದ ಲಾಭ.

ವಿಮಾನದ ಮಾತು ಬೇರೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ಬಂದರೆ ಒಬ್ಬರಿಗೇ 200 ಕಿಲೋ ದಾಟುತ್ತದೆ. ಅಂದರೆ ಮೇಲಿನ ಚಿಕ್ಕಮಗಳೂರು ಟ್ರಿಪ್‌ನಲ್ಲಿ ಹನ್ನೆರಡೂ ಜನರದ್ದು ಸೇರಿಸಿದರೆ ಬರುವುದಕ್ಕಿಂತ ಜಾಸ್ತಿ. ಕಾಶ್ಮೀರ, ಅಂಡಮಾನ್ ಪ್ಯಾಕೇಜ್ ಮಾರುವವರು ಟಿಟಿ ಮೈಲೇಜ್ ಬಗ್ಗೆ ತಲೆಕೆಡಿಸಿಕೊಂಡು ಪ್ರಯೋಜನ ಇಲ್ಲ. ಅವರು ಮಾಡಬಹುದಾದ್ದು ಮೂರು ಕೆಲಸ: ನೇರ ವಿಮಾನ ಆರಿಸುವುದು, ವರ್ಷಕ್ಕೆ ಎರಡು ಸಣ್ಣ ಟ್ರಿಪ್ ಬದಲು ಒಂದು ಉದ್ದನೆಯ ಟ್ರಿಪ್ ಮಾರುವುದು, ಒಂದು ಕಡೆಗಾದರೂ ರೈಲು ಇಡುವುದು. ಕಾಶಿ ಯಾತ್ರೆಗೆ 2022ರ ನವೆಂಬರ್‌ನಲ್ಲಿ ಶುರುವಾದ ಕರ್ನಾಟಕ ಭಾರತ್ ಗೌರವ್ ರೈಲನ್ನು ನೋಡಿ. ಎಷ್ಟೋ ಹಿರಿಯರು ಅದರಲ್ಲೇ ಹೋಗಿಬಂದರು. ‘ನಮ್ಮ ಕಸ್ಟಮರ್‌ಗಳು ರೈಲಲ್ಲಿ ಬರಲ್ಲ’ ಅನ್ನುವುದು ಹಲವು ಸಲ ಅವರನ್ನು ಕೇಳದೇ ಹೇಳುವ ಮಾತು.

ಹೆಜ್ಜೆ 4: ಗಾಡಿ ಮತ್ತು ಡ್ರೈವರ್

ಟೈರ್ ಗಾಳಿ, ಸಮಯಕ್ಕೆ ಸರ್ವಿಸ್, ಕ್ಯಾರಿಯರ್ ಮೇಲೆ ಬೇಡದ ಭಾರ ಇಲ್ಲದಿರುವುದು. ಇವು ಎಲ್ಲರಿಗೂ ಗೊತ್ತಿರುವ ವಿಷಯ, ಮಾಡುವುದು ಬಾಕಿ ಅಷ್ಟೇ. ಐದು ಜನ ಅತಿಥಿಗಳು ಇದ್ದಾರೆ ಅಂದರೆ ಟಿಟಿ ಬೇಡ, ಏಳು ಸೀಟಿನ ಕಾರು ಸಾಕು.

ಜನ ಗಮನಿಸದ ಒಂದು ವಿಷಯ ಇದೆ. ಡ್ರೈವರ್‌ಗೆ ಎಲ್ಲಿ ಮಲಗಲು ಜಾಗ ಕೊಟ್ಟಿದ್ದೀರಿ? ಎಷ್ಟೋ ಹೋಮ್‌ಸ್ಟೇಗಳಲ್ಲಿ ಡ್ರೈವರ್‌ಗೆ ರೂಮ್ ಇರುವುದಿಲ್ಲ. ಗಾಡಿಯ ಸೀಟಿನ ಮೇಲೆ ಮಲಗುತ್ತಾರೆ. ಸೆಕೆ, ಸೊಳ್ಳೆ ಅಂತ ಎಂಜಿನ್ ಆನ್ ಮಾಡಿ ಎಸಿ ಹಾಕಿಕೊಂಡರೆ ಅವರನ್ನು ಬೈಯುವುದು ಹೇಗೆ? ಸೊಳ್ಳೆಪರದೆ ಇರುವ ಒಂದು ಮಂಚ, ಬಿಸಿನೀರು, ಬಿಸಿ ಊಟ ಕೊಡಿ. ಡೀಸೆಲ್ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ನಿದ್ದೆಗೆಟ್ಟ ಡ್ರೈವರ್ ಘಾಟಿ ಇಳಿಸುವುದು ತಪ್ಪುತ್ತದೆ. ಹೋಮ್‌ಸ್ಟೇ ಬುಕ್ ಮಾಡುವಾಗಲೇ ಇದನ್ನು ಷರತ್ತಾಗಿ ಹಾಕಿ.

ಅತಿಥಿಗಳು ಫಾಲ್ಸ್ ನೋಡಲು ಇಳಿದಾಗ ಎಸಿ ಓಡುತ್ತಲೇ ಇರಲಿ ಅನ್ನುವವರು ಇರುತ್ತಾರೆ. ಹೊರಡುವ ಐದು ನಿಮಿಷ ಮೊದಲು ಟ್ರೆಕ್ ಲೀಡ್ ಫೋನ್ ಮಾಡಿದರೆ ಸಾಕು, ಗಾಡಿ ತಣ್ಣಗಿರುತ್ತದೆ. ಇದನ್ನು ಡ್ರೈವರ್ ಬಾಯಲ್ಲಿ ಹೇಳಿಸಬೇಡಿ, ಅತಿಥಿಗಳು ಜಗಳಕ್ಕೆ ಬರುತ್ತಾರೆ. ಕಂಪನಿಯ ನಿಯಮ ಅಂತ ಬುಕಿಂಗ್ ಮೆಸೇಜಿನಲ್ಲೇ ಬರೆಯಿರಿ.

ಡೀಸೆಲ್ ಉಳಿಸಿದ ಡ್ರೈವರ್‌ಗೆ ಅದರಲ್ಲಿ ಪಾಲು ಕೊಡುವ ಪದ್ಧತಿ ಇಟ್ಟರೆ ಒಳ್ಳೆಯದು. ಆದರೆ ಬಾಟಾ (ದಿನದ ಭತ್ಯೆ) ಕಡಿಮೆ ಮಾಡಿ ಅದನ್ನೇ ಪಾಲು ಅಂತ ಕೊಡಬಾರದು.

ಎಲೆಕ್ಟ್ರಿಕ್ ಗಾಡಿ ಯಾವಾಗ? ಒಂದು ದಿನದ ಟ್ರಿಪ್‌ಗಳಿಗೆ ಈಗಲೇ ಆಗುತ್ತದೆ. ನಂದಿಬೆಟ್ಟ, ಲೇಪಾಕ್ಷಿ, ಮೈಸೂರು ಇವೆಲ್ಲ ಚಾರ್ಜಿನೊಳಗೆ ಬರುವ ದೂರಗಳು. ಲೀಟರಿಗೆ 15 ಓಡುವ ಡೀಸೆಲ್ ಕಾರು ಕಿಲೋಮೀಟರಿಗೆ 180 ಗ್ರಾಂ ಬಿಟ್ಟರೆ, ಕಿಲೋಮೀಟರಿಗೆ 0.15 ಯೂನಿಟ್ ತಿನ್ನುವ ಎಲೆಕ್ಟ್ರಿಕ್ ಕಾರಿನ ಲೆಕ್ಕ 105 ಗ್ರಾಂ ಆಸುಪಾಸು. ಸೊನ್ನೆ ಅಲ್ಲ, ಕರೆಂಟ್ ಎಲ್ಲಿಂದಲೋ ಬರಬೇಕಲ್ಲ. ಮಲೆನಾಡಿನ ಒಳಗಿನ ಹೋಮ್‌ಸ್ಟೇಗಳಿಗೆ ಈಗಲೇ ಎಲೆಕ್ಟ್ರಿಕ್ ಟಿಟಿ ಅಂತ ಸಾಲ ಮಾಡಲು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಇರುವುದೇ ದೊಡ್ಡ ವಿಷಯ.

ಹೆಜ್ಜೆ 5: ಉಳಿಯುವ ಜಾಗಕ್ಕೆ ಹೋಗಿ, ಹಿತ್ತಿಲು ನೋಡಿ

ಹೋಮ್‌ಸ್ಟೇ ಆಯ್ಕೆ ಮಾಡುವಾಗ ಎಲ್ಲರೂ ಮುಂದಿನ ಜಗಲಿ, ವ್ಯೂ, ಬಾತ್‌ರೂಮ್ ನೋಡುತ್ತಾರೆ. ನೀವು ಹಿತ್ತಿಲಿಗೆ ಹೋಗಿ. ಕಸ ಸುಟ್ಟ ಕಪ್ಪು ಗುಂಡಿ ಇದೆಯಾ? ಬಚ್ಚಲ ನೀರು ಎಲ್ಲಿಗೆ ಹೋಗುತ್ತಿದೆ? ಬಾಳೆಗಿಡದ ಬುಡಕ್ಕಾ, ಇಂಗುಗುಂಡಿಗಾ, ಅಥವಾ ನೇರ ಹಳ್ಳಕ್ಕಾ? ಶೌಚಾಲಯದ ಗುಂಡಿ ಬಾವಿಯಿಂದ ಎಷ್ಟು ದೂರ? ಹೊಸ ರೂಮುಗಳಿಗಾಗಿ ಗುಡ್ಡ ಕಡಿದು ಸಮ ಮಾಡಿದ್ದಾರಾ? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡಗಳು ಕುಸಿದಿದ್ದನ್ನು ನೋಡಿದ ಮೇಲೆ ಕೊನೆಯ ಪ್ರಶ್ನೆ ನಿಮ್ಮ ಅತಿಥಿಗಳ ಜೀವದ ಪ್ರಶ್ನೆಯೂ ಹೌದು.

ಬಿಸಿನೀರಿಗೆ ಏನು ಅಂತ ಕೇಳಿ. ಸೋಲಾರ್ ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ, ಆಗ ಹಂಡೆಗೆ ಸೌದೆ ಹಾಕಲೇಬೇಕು. ಕಾಫಿ ತೋಟದಲ್ಲಿ ನೆರಳು ಮರದ ಕೊಂಬೆ ಕಡಿದಾಗ, ಹಳೇ ಕಾಫಿ ಗಿಡ ಕಿತ್ತಾಗ ಸೌದೆ ಸಿಗುತ್ತದೆ. ಅದನ್ನು ಉರಿಸುವುದಕ್ಕೆ ನನ್ನ ತಕರಾರಿಲ್ಲ. ಲಾರಿಯಲ್ಲಿ ದಿಮ್ಮಿ ತರಿಸಿ ದಿನಾ ಕ್ಯಾಂಪ್‌ಫೈರ್ ಹಾಕುವುದಕ್ಕೆ ಇದೆ. ಕ್ಯಾಂಪ್‌ಫೈರ್ ಬೇಕೇ ಬೇಕು ಅಂದರೆ ಅಂಗಳದಲ್ಲಿ, ಒಂದೇ ಕಡೆ, ಒಂದು ಗಂಟೆ. ಹುಲ್ಲಿನ ಮೇಲೆ, ಬೇಸಿಗೆಯಲ್ಲಿ, ಕಾಡಂಚಿನಲ್ಲಿ ಬೇಡವೇ ಬೇಡ.

ಸ್ಪೀಕರ್ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯಲ್ಲಿ ವಯಸ್ಸಾದವರು ಮಲಗಿರುತ್ತಾರೆ, ತೋಟದ ಕೆಲಸಕ್ಕೆ ಬೆಳಿಗ್ಗೆ ಏಳುವವರು ಇರುತ್ತಾರೆ. ಅವರ ಊರಿಗೆ ನಾವು ಹೋಗಿರುವುದು.

ಹೆಜ್ಜೆ 6: ನೀರು, ಊಟ, ಕಸ

12 ಜನ, ತಲೆಗೆ ದಿನಕ್ಕೆ 3 ಲೀಟರ್, ಎರಡು ದಿನ. 72 ಲೀಟರ್ ನೀರು. ಲೀಟರ್ ಬಾಟಲಿಯಲ್ಲಿ ಕೊಟ್ಟರೆ 72 ಬಾಟಲಿ. 20 ಲೀಟರಿನ ಕ್ಯಾನ್ ಆದರೆ ನಾಲ್ಕು, ಅವೂ ವಾಪಸ್ ಹೋಗುತ್ತವೆ. ಗಾಡಿಯ ಹಿಂದೆ ಎರಡು ಕ್ಯಾನ್ ಕಟ್ಟಿ, ನಲ್ಲಿ ಇರುವ ಸ್ಟೀಲ್ ಡ್ರಮ್ ಒಂದನ್ನು ಇಡಿ. ಇನ್ನೆರಡು ಕ್ಯಾನ್ ಹೋಮ್‌ಸ್ಟೇಯಲ್ಲಿ ತುಂಬಿಸಿಕೊಳ್ಳಿ. ಬಾಟಲಿ ತರದವರಿಗೆ ಠೇವಣಿ ಇಟ್ಟುಕೊಂಡು ಸ್ಟೀಲ್ ಬಾಟಲಿ ಕೊಡಿ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ಊಟಿ ಟ್ರಿಪ್ ಮಾಡುವವರಿಗೆ ಇದು ಆಯ್ಕೆಯ ವಿಷಯವೇ ಅಲ್ಲ.

ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ನಿಷೇಧ ಆಗಿವೆ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿತ್ತು. ಪೇಪರ್ ಕಪ್ ಪರವಾಗಿಲ್ಲ ಅಂತ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದರ ಒಳಗಡೆ ಪ್ಲಾಸ್ಟಿಕ್ ಪದರ ಇರುತ್ತದೆ. ನಮ್ಮಲ್ಲಿ ಮುತ್ತುಗದ ಎಲೆ, ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ಇವೆ. ಹಾಳೆ ತಟ್ಟೆ ಮಾಡುವುದೇ ಮಲೆನಾಡು, ಕರಾವಳಿಯಲ್ಲಿ. ಬೆಂಗಳೂರಿನಿಂದ ಒಯ್ಯುವ ಬದಲು ಅಲ್ಲೇ ಕೊಳ್ಳಿ. ಆದರೂ ಎಲ್ಲಕ್ಕಿಂತ ಮೇಲು ತೊಳೆದು ಬಳಸುವ ಸ್ಟೀಲ್ ತಟ್ಟೆ.

ಊಟದಲ್ಲಿ ಮಾಡಬೇಕಾದ್ದು ಎರಡೇ. ಸರಿಯಾದ ತಲೆ ಲೆಕ್ಕ ಹಿಂದಿನ ದಿನ ಸಂಜೆಯೊಳಗೆ ಅಡುಗೆಯವರಿಗೆ ಕೊಡುವುದು ಮೊದಲನೆಯದು. ಮೆನು ಸಣ್ಣದು ಮಾಡುವುದು ಎರಡನೆಯದು. ಕಡುಬು, ಅಕ್ಕಿ ರೊಟ್ಟಿ, ಒಂದು ಪಲ್ಯ, ಒಂದು ಸಾರು. ಮಲೆನಾಡಿಗೆ ಹೋಗಿ ಪನೀರ್ ಬಟರ್ ಮಸಾಲಾ ಯಾಕೆ ತಿನ್ನಬೇಕೋ ನನಗಂತೂ ಅರ್ಥ ಆಗಿಲ್ಲ.

ಇಷ್ಟಾದರೂ ಚಿಪ್ಸ್, ಬಿಸ್ಕೆಟ್ ಕವರ್, ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡ್ ಇದ್ದೇ ಇರುತ್ತವೆ. ಬೆಟ್ಟದ ಊರಿನ ಪಂಚಾಯಿತಿಗಳಿಗೆ ಇಷ್ಟೊಂದು ಒಣ ಕಸ ನಿಭಾಯಿಸುವ ಶಕ್ತಿ ಹೆಚ್ಚಿನ ಕಡೆ ಇಲ್ಲ. ಹೋಮ್‌ಸ್ಟೇಯಲ್ಲಿ ಬಿಟ್ಟುಬಂದರೆ ಅದು ಸುಡುವ ಗುಂಡಿಗೆ ಹೋಗುವ ಸಾಧ್ಯತೆಯೇ ಜಾಸ್ತಿ. ಅದಕ್ಕೇ ಒಣ ಕಸ ಗಾಡಿಯಲ್ಲೇ ವಾಪಸ್ ಬರಲಿ. ಎರಡು ಗಟ್ಟಿ ಚೀಲ, ಒಂದು ಮುಚ್ಚಳದ ಡಬ್ಬ ಇಡಿ. ಪ್ಯಾಡ್‌ಗಳಿಗೆ ಪೇಪರ್ ಸುತ್ತಿ ಹಾಕುವ ಬೇರೆ ಡಬ್ಬ ಬೇಕು, ಅದರ ಬಗ್ಗೆ ಟ್ರೆಕ್ ಲೀಡ್ ನಾಚಿಕೆ ಇಲ್ಲದೆ ಮೊದಲೇ ಹೇಳಬೇಕು. ಬೆಂಗಳೂರಿನ ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿವೆ. ಸೋಮವಾರ ಬೆಳಿಗ್ಗೆ ತೂಗಿ, ಶೀಟಿನಲ್ಲಿ ಬರೆದು, ಪ್ಯಾಡಿನ ಡಬ್ಬ ಬಿಟ್ಟು ಉಳಿದದ್ದನ್ನು ಅಲ್ಲಿಗೆ ಕೊಡಿ.

ಹೆಜ್ಜೆ 7: ಜನಜಂಗುಳಿಯಿಂದ ದೂರ ಸರಿಯಿರಿ

2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರ ಪರ್ವತದ ಚೆಕ್‌ಪೋಸ್ಟ್ ಮುಂದೆ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೊ ನಿಮಗೆ ನೆನಪಿರಬೇಕು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ತಂದಿತು. ಈಗ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ತೆಗೆಯಬೇಕು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿ, ಕೊಡೈಕೆನಾಲ್‌ಗೆ ಇ–ಪಾಸ್ ಬಂತು. ಮುಳ್ಳಯ್ಯನಗಿರಿ ಕಡೆಗೂ ಮುಂಗಡ ಬುಕಿಂಗ್ ಬಂದಿದೆ. ಇದನ್ನೆಲ್ಲ ತೊಂದರೆ ಅಂತ ಬೈಯುವ ಆಪರೇಟರ್‌ಗಳು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಿತಿ ಇಲ್ಲದೇ ಇದ್ದಾಗ ಕಡಿಮೆ ದರಕ್ಕೆ ಐವತ್ತು ಜನರನ್ನು ತುಂಬಿಕೊಂಡು ಬರುವವರ ಮುಂದೆ ಸರಿಯಾಗಿ ನಡೆಸುವವರು ಸೋಲುತ್ತಿದ್ದರು.

ಲಾಂಗ್ ವೀಕೆಂಡ್‌ಗೆ ಒಂದು ಬ್ಯಾಚ್ ಕಡಿಮೆ ಮಾಡಿ, ವಾರದ ನಡುವೆ ಒಂದು ಬ್ಯಾಚ್ ಶುರು ಮಾಡಿ ನೋಡಿ. ರೂಮ್ ದರ ಇಳಿದಿರುತ್ತದೆ, ರಸ್ತೆ ಖಾಲಿ ಇರುತ್ತದೆ. ನಿವೃತ್ತರು, ಮನೆಯಿಂದ ಕೆಲಸ ಮಾಡುವವರು, ಪುಟ್ಟ ಮಕ್ಕಳಿರುವವರು ಬರುತ್ತಾರೆ. ಚಾರಣದಲ್ಲಿ ಒಬ್ಬ ಲೀಡ್‌ಗೆ 12 ಜನ ಅಂತ ನಾನಾದರೆ ಗೆರೆ ಹಾಕುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಸಾಲು ಚದುರುತ್ತದೆ, ಜನ ಅಡ್ಡದಾರಿ ಹಿಡಿಯುತ್ತಾರೆ. ಆ ಅಡ್ಡದಾರಿಯಲ್ಲೇ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ.

ಮಾಂದಲಪಟ್ಟಿ, ಕೊಡಚಾದ್ರಿಯ ಜೀಪುಗಳ ಬಗ್ಗೆ ಒಂದು ಮಾತು. ಅದು ಅಲ್ಲಿನವರ ಜೀವನೋಪಾಯ, ಹಾಗಾಗಿ ಹೋಗಲೇಬೇಡಿ ಅನ್ನುವುದು ಸರಿಯಲ್ಲ. ಜೀಪಿನ ಸೀಟು ತುಂಬಿಸಿ, ಇಳಿಯುವಾಗ ನಡೆಯಲು ಆಗುವವರು ನಡೆಯಲಿ. ಹಾದಿ ಬಿಟ್ಟು ಹುಲ್ಲಿನ ಮೇಲೆ ‘ಆಫ್‌ರೋಡ್’ ಮಾಡಿಸುವ ಪ್ಯಾಕೇಜ್ ಮಾತ್ರ ಮಾರಬೇಡಿ.

ಹೆಜ್ಜೆ 8: ಗಿಡ ನೆಡುವ ಮೊದಲು ಯೋಚಿಸಿ

‘ಪ್ರತಿ ಬುಕಿಂಗ್‌ಗೆ ಒಂದು ಗಿಡ’ ಅನ್ನುವುದು ಕೇಳಲು ಚೆಂದ. ನೆಟ್ಟ ಗಿಡಕ್ಕೆ ಮೂರು ವರ್ಷ ನೀರು, ಬೇಲಿ ಯಾರದ್ದು? ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳು ಬೋಳು ಗುಡ್ಡಗಳಲ್ಲ. ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಸೇರಿಯೇ ಮಳೆನೀರು ಹಿಡಿದು ಹೊಳೆಗಳಿಗೆ ಬಿಡುತ್ತವೆ. ಅಲ್ಲಿ ಗಿಡ ನೆಡುವುದು, ಬೀಜದ ಉಂಡೆ ಎಸೆಯುವುದು ಹಾನಿ. ಅಕೇಶಿಯಾ, ನೀಲಗಿರಿ ನೆಟ್ಟು ಏನಾಯಿತು ಅಂತ ಮಲೆನಾಡಿನವರನ್ನು ಕೇಳಿ.

ಆ ದುಡ್ಡನ್ನು ಮೊದಲು ನಿಮ್ಮದೇ ಹೊಗೆ ಕಡಿಮೆ ಮಾಡಲು ಹಾಕಿ. ಉಳಿದರೆ ನೀವು ಹೋಗುವ ಊರಿನಲ್ಲಿ ಕಸ ಆಯುವವರ ಕೂಲಿಗೋ, ಹೋಮ್‌ಸ್ಟೇಯ ಇಂಗುಗುಂಡಿಗೋ, ಸೋಲಾರ್ ಹೀಟರ್‌ಗೋ ಕೊಡಿ. ಮುಂದಿನ ತಿಂಗಳು ಹೋದಾಗ ಆಗಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡಬಹುದು.

ಹೆಜ್ಜೆ 9: ಹೇಳಿಕೊಳ್ಳುವುದು ಹೇಗೆ

2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಹೆಸರಿನ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ‘ಇಕೋ ಫ್ರೆಂಡ್ಲಿ’, ‘ಗ್ರೀನ್’, ‘ಕಾರ್ಬನ್ ನ್ಯೂಟ್ರಲ್’ ಅಂತೆಲ್ಲ ಬರೆದರೆ ಅದಕ್ಕೆ ಆಧಾರ ತೋರಿಸಬೇಕು. ಹೋಮ್‌ಸ್ಟೇ ಸುತ್ತ ಮರ ಇದೆ ಅನ್ನುವುದು ಆಧಾರ ಆಗುವುದಿಲ್ಲ. ದೊಡ್ಡದಾಗಿ ಬೆಳೆಯುವ ಯೋಚನೆ ಇದ್ದರೆ ಪ್ರವಾಸೋದ್ಯಮದ ಹೊಗೆ ಇಳಿಸಲು 2021ರ ನವೆಂಬರ್‌ನಲ್ಲಿ ಬಂದ ಗ್ಲಾಸ್ಗೊ ಘೋಷಣೆ ಇದೆ. ಸಹಿ ಹಾಕಿದವರು 2030ರೊಳಗೆ ಹೊಗೆ ಅರ್ಧ ಮಾಡುವ ಗುರಿಯನ್ನು ಬೆಂಬಲಿಸಿ, 12 ತಿಂಗಳಲ್ಲಿ ತಮ್ಮ ಯೋಜನೆ ಪ್ರಕಟಿಸಬೇಕು. ಸಣ್ಣ ಕಂಪನಿ ಸಹಿ ಹಾಕುವ ಮೊದಲು ಒಂದು ವರ್ಷದ ಟ್ರಿಪ್ ಶೀಟ್ ಕೈಯಲ್ಲಿ ಇಟ್ಟುಕೊಂಡರೆ ಸಾಕು.

ಪೋಸ್ಟರ್‌ನಲ್ಲಿ ವಿಶೇಷಣ ಬೇಡ, ಸಂಗತಿ ಬರೆಯಿರಿ. ‘ಹಂಪಿ, ರೈಲಿನಲ್ಲಿ. ಊರೊಳಗೆ ಸೈಕಲ್ ಮತ್ತು ಆಟೊ. ನೀರಿನ ಕ್ಯಾನ್ ಇರುತ್ತದೆ, ಬಾಟಲಿ ತನ್ನಿ. ಒಣ ಕಸ ನಾವೇ ವಾಪಸ್ ತರುತ್ತೇವೆ.’ ಇಷ್ಟನ್ನು ಯಾರೂ ಪ್ರಶ್ನಿಸಲು ಆಗುವುದಿಲ್ಲ.

ಯಾವುದು ಮೊದಲು?

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಎರಡನೇ ತಿಂಗಳಿಗೆ ಎಲ್ಲವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಟ್ರಿಪ್ ಕಡಿಮೆ ಇರುವ ವಾರಗಳಲ್ಲಿ ಟ್ರಿಪ್ ಶೀಟ್ ಬದಲಿಸಿ, ಜಾಸ್ತಿ ಓಡುವ ಮೂರು ಐಟಿನರರಿಗಳನ್ನು ಮಾತ್ರ ಕತ್ತರಿಸಿ. ನೀರಿನ ಕ್ಯಾನ್, ಕಸದ ಚೀಲ ಅದೇ ವಾರ ಶುರು ಆಗಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಗಾಡಿ ಮಾಲೀಕರ ಜೊತೆ ದರದ ಮಾತುಕತೆ ದಸರಾಕ್ಕೆ ಮೊದಲೇ ಮುಗಿಸಿ. ಸೀಸನ್ ಶುರುವಾದ ಮೇಲೆ ನಿಮ್ಮ ಮಾತಿಗೆ ಅವರ ಹತ್ತಿರ ಟೈಮ್ ಇರುವುದಿಲ್ಲ. ಹಿತ್ತಿಲು ನೋಡುವ ಕೆಲಸ ಒಬ್ಬೊಬ್ಬ ಟ್ರೆಕ್ ಲೀಡ್‌ಗೆ ಎರಡೆರಡು ಹೋಮ್‌ಸ್ಟೇ ಅಂತ ಹಂಚಿ. ಒಂದು ರೈಲು ಟ್ರಿಪ್ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಟಿಕೆಟ್ 60 ದಿನ ಮೊದಲು ತೆರೆಯುವುದರಿಂದ ಸೆಪ್ಟೆಂಬರ್ ಕೊನೆಗೆ ಅದರ ಪೋಸ್ಟರ್ ಹೊರಗೆ ಬಂದಿರಬೇಕು.